ಮನೆಯೊಳಗಿನ ಪರದೆ ಮತ್ತು ಮಗುವಿನ ಕನ್ನಡ



ಬೇಸಿಗೆ ರಜೆ ಮುಗಿದು ಮಕ್ಕಳು ಮತ್ತೆ ಶಾಲೆಯ ದಾರಿ ಹಿಡಿದಿದ್ದಾರೆ. ಪಠ್ಯಪುಸ್ತಕ ಬಂತೇ, ಶಿಕ್ಷಕರ ಹುದ್ದೆ ತುಂಬಿತೇ, ತರಗತಿ ಉಳಿಯಿತೇ ಎಂಬ ಚಿಂತೆ ಎಂದಿನಂತೆ ಈ ವರ್ಷವೂ ನಮ್ಮೊಡನೆ ಇದ್ದೇ ಇದೆ. ಆ ಬಗ್ಗೆ ಈ ಪುಟಗಳಲ್ಲಿ ಬರೆಯುತ್ತ ಬಂದಿದ್ದೇವೆ, ಮುಂದೆಯೂ ಬರೆಯುತ್ತೇವೆ. ಈ ಸಂಚಿಕೆಯಲ್ಲಿ ಮಾತ್ರ ಸರಕಾರದ ಕಡೆಗೆ ತಿರುಗುವ ಮೊದಲು ನಮ್ಮ ನಮ್ಮ ಮನೆಯ ನಡುಕೋಣೆಯತ್ತ ಒಮ್ಮೆ ನೋಡೋಣ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇವೆ. ಅಲ್ಲಿ ಗೋಡೆಯ ಮೇಲೆ ಟಿ.ವಿ. ಇದೆ, ಮಗುವಿನ ಕೈಯಲ್ಲಿ ಮೊಬೈಲು ಇದೆ. ಸಂಜೆ ಶಾಲೆಯಿಂದ ಬಂದ ಮಗು ಚೀಲ ಇಳಿಸಿದ ಹೊತ್ತಿನಿಂದ ರಾತ್ರಿ ಮಲಗುವವರೆಗೆ ಈ ಎರಡು ಪರದೆಗಳ ನಡುವೆ ಅದರ ಸಮಯ ಕಳೆಯುತ್ತದೆ.

ಮಕ್ಕಳು ಮೊಬೈಲು ಬಿಡುವುದಿಲ್ಲ ಎಂಬ ದೂರು ಇಂದು ಎಲ್ಲ ಊರುಗಳಲ್ಲೂ ಇದೆ. ಬೆಂಗಳೂರಿನ ತಾಯಿಯೂ ಹೇಳುತ್ತಾಳೆ, ಧಾರವಾಡದ ತಂದೆಯೂ ಹೇಳುತ್ತಾನೆ. ಕಣ್ಣು ಕೆಡುತ್ತದೆ, ನಿದ್ದೆ ಕೆಡುತ್ತದೆ, ಓದು ಹಿಂದೆ ಬೀಳುತ್ತದೆ ಎಂಬುದು ಎಲ್ಲರಿಗೂ ಸಮಾನವಾದ ಕಳವಳ. ಗಡಿಯ ಈಚೆ ಇರುವ ನಮಗೆ ಇದರ ಮೇಲೆ ಇನ್ನೊಂದು ನಷ್ಟವಿದೆ. ಧಾರವಾಡದ ಮಗು ಮನೆಯಲ್ಲಿ ಮೂರು ಗಂಟೆ ಪರದೆ ನೋಡಿದರೂ ಬೀದಿಗೆ ಇಳಿದ ಕೂಡಲೇ ಅದರ ಕಿವಿಗೆ ಕನ್ನಡ ಬೀಳುತ್ತದೆ. ಅಂಗಡಿಯ ಬೋರ್ಡು, ಬಸ್ಸಿನ ಫಲಕ, ಆಟದ ಬಯಲಿನ ಜಗಳ ಎಲ್ಲವೂ ಕನ್ನಡವೇ. ನಮ್ಮ ಮಕ್ಕಳಿಗೆ ಆ ಭಾಗ್ಯವಿಲ್ಲ. ಕಾಸರಗೋಡಿನ ಪೇಟೆಯಲ್ಲಿ ಮಲಯಾಳ, ಹೊಸೂರಿನ ಬಸ್ ನಿಲ್ದಾಣದಲ್ಲಿ ತಮಿಳು, ಸೋಲಾಪುರದ ಮಾರುಕಟ್ಟೆಯಲ್ಲಿ ಮರಾಠಿ, ಆದವಾನಿಯ ಓಣಿಯಲ್ಲಿ ತೆಲುಗು. ಕನ್ನಡಕ್ಕೆ ಉಳಿದಿರುವುದು ಎರಡೇ ಜಾಗ: ಒಂದು ಶಾಲೆ, ಇನ್ನೊಂದು ಮನೆ. ಪರದೆ ನುಂಗುತ್ತಿರುವುದು ಈ ಎರಡನೆಯ ಜಾಗವನ್ನು.

ಒಂದು ಸರಳ ಲೆಕ್ಕ ಹಾಕಿ ನೋಡಿ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ 1ರಿಂದ 5ನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, 800 ಗಂಟೆ ಪಾಠ ನಡೆಯಬೇಕು. 6ರಿಂದ 8ನೆಯ ತರಗತಿಗೆ ಇದು 220 ದಿನ, 1000 ಗಂಟೆ. ಮಗು ದಿನಕ್ಕೆ ಎರಡು ಗಂಟೆ ಪರದೆಯ ಮುಂದೆ ಕುಳಿತರೆ ವರ್ಷಕ್ಕೆ 730 ಗಂಟೆ ಆಯಿತು. ಮೂರು ಗಂಟೆ ಕುಳಿತರೆ 1095 ಗಂಟೆ. ಅಂದರೆ ಮೇಷ್ಟರು ವರ್ಷವಿಡೀ ಹೇಳಿಕೊಡುವ ಪಾಠಕ್ಕಿಂತ ಹೆಚ್ಚು ಹೊತ್ತು ಪರದೆ ಮಗುವಿಗೆ ಪಾಠ ಹೇಳುತ್ತಿದೆ. ಪರದೆಗೆ ಭಾನುವಾರದ ರಜೆಯಿಲ್ಲ, ಹಬ್ಬದ ರಜೆಯಿಲ್ಲ, ಬೇಸಿಗೆಯಲ್ಲಂತೂ ಅದಕ್ಕೆ ಹೆಚ್ಚುವರಿ ತರಗತಿ.

ಶಾಲೆಯ ಆ ಗಂಟೆಗಳಲ್ಲೂ ಎಲ್ಲ ಹೊತ್ತು ಕನ್ನಡದ್ದಲ್ಲ ಎಂಬುದು ನಿಮಗೆ ಗೊತ್ತು. ರಾಜ್ಯದ ಭಾಷೆಯನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸುವ ಕಾಯಿದೆಗಳು ತಮಿಳುನಾಡಿನಲ್ಲಿ 2006ರಲ್ಲಿ, ಕೇರಳದಲ್ಲಿ 2017ರಲ್ಲಿ, ತೆಲಂಗಾಣದಲ್ಲಿ 2018ರಲ್ಲಿ, ಮಹಾರಾಷ್ಟ್ರದಲ್ಲಿ 2020ರಲ್ಲಿ ಬಂದವು. ಅವುಗಳ ಸಾಧಕ ಬಾಧಕಗಳ ಚರ್ಚೆ ಬೇರೆಯೇ. ಇಲ್ಲಿ ಹೇಳಬೇಕಾದದ್ದು ಇಷ್ಟೇ: ಶಾಲೆಯಲ್ಲಿ ಕನ್ನಡದ ಪಾಲು ಹಿಗ್ಗುವ ಕಾಲ ಇದಲ್ಲ. ಆದ್ದರಿಂದ ಮನೆಯಲ್ಲಿ ಸಿಗುವ ಒಂದೊಂದು ಗಂಟೆಯ ಬೆಲೆಯೂ ಏರಿದೆ.

ಈ ಪರದೆ ಯಾವ ಭಾಷೆಯಲ್ಲಿ ಮಾತಾಡುತ್ತದೆ? ಒಂದೇ ಸಂಸ್ಥೆಯ ಮಕ್ಕಳ ವಾಹಿನಿಗಳನ್ನೇ ನೋಡಿ. ತಮಿಳಿನಲ್ಲಿ ಚುಟ್ಟಿ ಟಿ.ವಿ., ಮಲಯಾಳದಲ್ಲಿ ಕೊಚ್ಚು ಟಿ.ವಿ., ತೆಲುಗಿನಲ್ಲಿ ಖುಷಿ ಟಿ.ವಿ. ಇವೆ. ಕನ್ನಡದಲ್ಲಿ ಚಿಂಟು ಟಿ.ವಿ. 2009ರಲ್ಲಿ ಬಂತು. ಆದರೆ ಹೊಸೂರಿನ ಮನೆಯಲ್ಲಿ ಗುಂಡಿ ಒತ್ತಿದರೆ ಮೊದಲು ಕೈಗೆ ಸಿಗುವುದು ಯಾವುದು, ಕುಂಬಳೆಯ ಮನೆಯಲ್ಲಿ ಯಾವುದು ಎಂಬುದನ್ನು ನೀವೇ ಬಲ್ಲಿರಿ. ಇನ್ನು ಮೊಬೈಲಿನಲ್ಲಂತೂ ಒಂದು ವೀಡಿಯೋ ಮುಗಿಯುವುದರೊಳಗೆ ಇನ್ನೊಂದು ತಾನಾಗಿ ಬರುತ್ತದೆ. ಮೊದಲನೆಯದನ್ನು ನೀವು ಕನ್ನಡದಲ್ಲೇ ಹಾಕಿಕೊಟ್ಟಿದ್ದರೂ ನಾಲ್ಕನೆಯದು ಹಿಂದಿಯಲ್ಲಿರುತ್ತದೆ, ಹತ್ತನೆಯದು ಇಂಗ್ಲಿಷಿನಲ್ಲಿರುತ್ತದೆ, ಆಮೇಲೆ ಭಾಷೆಯೇ ಇಲ್ಲದ ಬರೀ ಗದ್ದಲ.

ಕನ್ನಡ ತಿಳಿಯದ ಶಿಕ್ಷಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ಕಾಸರಗೋಡಿನ ಹೆತ್ತವರು ಒಂದಲ್ಲ ಹಲವು ಬಾರಿ ಬೀದಿಗಿಳಿದಿದ್ದಾರೆ. ಮಕ್ಕಳೂ ಶಾಲೆಯ ಮುಂದೆ ಕುಳಿತಿದ್ದಾರೆ. ಅದು ನ್ಯಾಯವಾದ ಹೋರಾಟ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿಯೇ ರಾಜ್ಯಗಳಿಗೆ ಹೇಳುತ್ತದೆ. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲೇ, ನಮ್ಮಂಥವರು ಗಡಿಯ ಈಚೆ ಉಳಿಯುತ್ತಾರೆಂದು ಬಲ್ಲವರು, ಅದನ್ನು ಸೇರಿಸಿದರು. ಆದರೆ ಶಾಲೆಗೆ ಕನ್ನಡ ಬಾರದ ಗುರು ಬಂದರೆ ಒಪ್ಪದ ನಾವು, ಕನ್ನಡ ಬಾರದ ಇನ್ನೊಬ್ಬ ಗುರುವನ್ನು ನಮ್ಮ ಕೈಯಾರೆ ದುಡ್ಡು ಕೊಟ್ಟು ತಂದು ಮನೆಯಲ್ಲಿ ಕೂರಿಸಿದ್ದೇವೆ. ತಿಂಗಳು ತಿಂಗಳು ಅವನಿಗೆ ರೀಚಾರ್ಜು ಎಂಬ ಸಂಬಳ ಕೊಡುತ್ತಿದ್ದೇವೆ. ಇವನ ವಿರುದ್ಧ ಮನವಿ ಕೊಡಲು ಯಾವ ಕಚೇರಿಯೂ ಇಲ್ಲ. ಇವನನ್ನು ಹದ್ದುಬಸ್ತಿನಲ್ಲಿ ಇಡಬೇಕಾದವರು ನಾವೇ.

"ಹಾಗಾದರೆ ಕನ್ನಡದ ಕಾರ್ಟೂನು, ಕನ್ನಡದ ಕತೆಯ ವೀಡಿಯೋ ಹಾಕಿಕೊಟ್ಟರೆ ಸಾಕಲ್ಲವೇ?" ಎಂದು ನೀವು ಕೇಳಬಹುದು. ಬೇರೆಯದಕ್ಕಿಂತ ಅದು ಮೇಲು, ಸಂದೇಹವಿಲ್ಲ. ಆದರೆ ಅಷ್ಟೇ ಸಾಲದು. ಅಮೆರಿಕದ ವಿಜ್ಞಾನಿ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಇಂಗ್ಲಿಷ್ ಮಾತಾಡುವ ಮನೆಗಳ 9 ತಿಂಗಳ ಕೂಸುಗಳಿಗೆ ಚೀನೀ ಭಾಷೆಯ ಪರಿಚಯ ಮಾಡಿಸಿದರು. ಕೆಲವು ಕೂಸುಗಳ ಎದುರು ಚೀನೀ ಬಲ್ಲವರು ತಾವೇ ಕುಳಿತು, ಆಟವಾಡಿಸುತ್ತ, ಪುಸ್ತಕ ತೋರಿಸುತ್ತ ಮಾತಾಡಿದರು. ಉಳಿದ ಕೆಲವಕ್ಕೆ ಅದೇ ಜನ, ಅದೇ ಮಾತುಗಳನ್ನು ಟಿ.ವಿ. ಪರದೆಯಲ್ಲಿ ತೋರಿಸಿದರು. 12 ಸಲ ಹೀಗೆ ನಡೆಯಿತು. ಎದುರು ಕುಳಿತು ಮಾತಾಡಿಸಿದ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಪರದೆಯ ಮುಂದಿದ್ದ ಕೂಸುಗಳು ಏನನ್ನೂ ಕಲಿಯಲಿಲ್ಲ. ಕೂಸಿಗೆ ಭಾಷೆ ಬರುವುದು ತನ್ನ ಮುಖ ನೋಡಿ ಮಾತಾಡುವ, ತನ್ನ ತೊದಲಿಗೆ ಉತ್ತರ ಕೊಡುವ ಮನುಷ್ಯರಿಂದ ಎಂದು ನಮ್ಮ ಅಜ್ಜಿಯಂದಿರು ತಿಳಿದಿದ್ದನ್ನೇ ಈ ಪ್ರಯೋಗ ಗಟ್ಟಿ ಮಾಡಿತು.

ಪರದೆ ಕಲಿಸುವುದಿಲ್ಲ ಎಂಬುದು ಒಂದಾದರೆ, ಮನೆಯವರ ಮಾತನ್ನೂ ಅದು ನಿಲ್ಲಿಸುತ್ತದೆ ಎಂಬುದು ಇನ್ನೊಂದು. ಆಸ್ಟ್ರೇಲಿಯಾದಲ್ಲಿ 220 ಕುಟುಂಬಗಳ ಮಕ್ಕಳನ್ನು ಒಂದರಿಂದ ಮೂರು ವರ್ಷ ವಯಸ್ಸಿನವರೆಗೆ ಗಮನಿಸಿ ನಡೆಸಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಮೂರು ವರ್ಷದ ಮಗುವಿನ ಸುತ್ತ ಪರದೆಯ ಹೊತ್ತು ಒಂದು ನಿಮಿಷ ಹೆಚ್ಚಾದರೆ, ಅದರ ಕಿವಿಗೆ ಬೀಳುವ ಹಿರಿಯರ ಮಾತಿನಲ್ಲಿ ಸರಾಸರಿ ಆರು ಏಳು ಪದಗಳು ಕಡಿಮೆಯಾಗಿದ್ದವು. ಮಗು ತಾನಾಗಿ ಆಡುವ ಮಾತೂ ಕಡಿಮೆಯಾಗಿತ್ತು, ಒಬ್ಬರು ಹೇಳಿ ಇನ್ನೊಬ್ಬರು ಮರುನುಡಿಯುವ ಸಂಭಾಷಣೆಯೂ ಕಡಿಮೆಯಾಗಿತ್ತು. ಇಂಗ್ಲಿಷೇ ಸುತ್ತಲೂ ಇರುವ ಆಸ್ಟ್ರೇಲಿಯಾದ ಮಗುವಿಗೆ ಆ ಪದಗಳು ಹೊರಗೆ ಮತ್ತೆ ಸಿಕ್ಕಾವು. ನಮ್ಮ ಮಗುವಿಗೆ ಮನೆಯಲ್ಲಿ ಕಳೆದುಹೋದ ಕನ್ನಡ ಪದ ಬೇರೆ ಎಲ್ಲಿ ಸಿಗಬೇಕು?

ಇದರ ಫಲ ತರಗತಿಯಲ್ಲಿ ಕಾಣುತ್ತದೆ. ಮಗು ಅಕ್ಷರ ಓದುತ್ತದೆ, ಪದ ಗೊತ್ತಿಲ್ಲ. ಪಾಠದಲ್ಲಿ ಬಂದ ಕಣಜ, ಗುದ್ದಲಿ, ಕೊಟ್ಟಿಗೆ, ಸೋದರತ್ತೆ ಎಂಬ ಮಾತುಗಳಿಗೂ ಶಿಕ್ಷಕರು ಅರ್ಥ ಬರೆಸಬೇಕಾಗುತ್ತದೆ. ಕನ್ನಡದಲ್ಲಿ ಓದುವುದು ಕಷ್ಟವೆಂದು ಮಗು ಹೇಳತೊಡಗುತ್ತದೆ. ಮಗುವಿಗೆ ಕಷ್ಟವಾಗುತ್ತಿದೆಯೆಂದು ಹೆತ್ತವರು ಮುಂದಿನ ವರ್ಷ ಬೇರೆ ಮಾಧ್ಯಮದ ಶಾಲೆಯ ಬಾಗಿಲು ತಟ್ಟುತ್ತಾರೆ. ಹಾಜರಿ ಪುಸ್ತಕದಲ್ಲಿ ಎರಡು ಹೆಸರು ಕಡಿಮೆಯಾದರೆ ತರಗತಿಗೆ ಕುತ್ತು, ತರಗತಿಗೆ ಕುತ್ತು ಬಂದರೆ ಹುದ್ದೆಗೆ ಕುತ್ತು. ಶಾಲೆ ಮುಚ್ಚುವ ಕತೆ ಅಧಿಕಾರಿಯ ಆದೇಶದಿಂದಲೇ ಆರಂಭವಾಗುತ್ತದೆ ಎಂದು ತಿಳಿಯಬೇಡಿ. ಎಷ್ಟೋ ಸಲ ಅದರ ಮೊದಲ ಸಾಲು ಮನೆಯೊಳಗೆ ಮಾತು ನಿಂತ ದಿನವೇ ಬರೆದಾಗಿರುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನೆರೆಯ ಭಾಷೆಗಳ ಮೇಲೆ ನಮಗೆ ದ್ವೇಷವಿಲ್ಲ. ನಮ್ಮ ಮಕ್ಕಳು ಮಲಯಾಳವನ್ನೂ ತಮಿಳನ್ನೂ ಮರಾಠಿಯನ್ನೂ ತೆಲುಗನ್ನೂ ಚೆನ್ನಾಗಿ ಕಲಿಯಲಿ. ಅವರ ಅನ್ನ, ಗೆಳೆತನ, ನಾಳೆಯ ಉದ್ಯೋಗ ಆ ಭಾಷೆಗಳಲ್ಲೂ ಇದೆ. ಅವನ್ನು ನೆರೆಮನೆಯ ಗೆಳೆಯನಿಂದ ಕಲಿಯಲಿ. ಹಾಗೆಯೇ ನಮ್ಮ ಶಾಲೆಗಳ ಮಕ್ಕಳಲ್ಲಿ ಎಷ್ಟೋ ಮಂದಿಯ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಮರಾಠಿ, ನೀಲಗಿರಿಯಲ್ಲಿ ಬಡಗ. ಮನೆಮಾತು ಬಿಡಿ ಎಂದು ನಾವು ಹೇಳುವುದಿಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಇಬ್ಬರೂ ಕನ್ನಡದ ದೊಡ್ಡ ಕವಿಗಳಾದರು. ಮನೆಯಲ್ಲಿ ತುಳುವಿನಲ್ಲಿ ಸಮೃದ್ಧವಾಗಿ ಮಾತಾಡುವ ಮಗುವಿಗೆ ಕನ್ನಡ ಬೇಗ ಬರುತ್ತದೆ. ಯಾವ ಮಾತೂ ಇಲ್ಲದೆ ಪರದೆ ನೋಡುತ್ತ ಕುಳಿತ ಮಗುವಿಗೆ ಯಾವ ಭಾಷೆಯೂ ಬರುವುದಿಲ್ಲ.

ಎಷ್ಟು ಹೊತ್ತು ನೋಡಬಹುದು ಎಂಬುದಕ್ಕೆ ವೈದ್ಯರು ಹೇಳಿದ ಮಿತಿಯಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, ಒಂದು ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಇನ್ನೂ ಕಡಿಮೆಯಾದರೆ ಒಳ್ಳೆಯದು ಎಂದಿತು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೀಗೆ ಹೇಳಿದೆ: ಎರಡು ವರ್ಷದವರೆಗೆ ಪರದೆ ಬೇಡ, ಎರಡರಿಂದ ಐದು ವರ್ಷದವರೆಗೆ ಹಿರಿಯರ ಕಣ್ಗಾವಲಿನಲ್ಲಿ ಹೆಚ್ಚೆಂದರೆ ಒಂದು ಗಂಟೆ, ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಗಿಂತ ಕಡಿಮೆ. ಇದು ಮಿತಿ, ಇಷ್ಟು ನೋಡಲೇಬೇಕೆಂಬ ಪಡಿಯಲ್ಲ. ದೂರದ ಊರಿನ ಅಜ್ಜ ಅಜ್ಜಿಯೊಡನೆ ವೀಡಿಯೋ ಕರೆಯಲ್ಲಿ ಆಗಾಗ ಮಾತಾಡಿಸುವುದನ್ನು ಈ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಅಲ್ಲಿ ಎದುರು ಒಬ್ಬರು ಕೇಳುತ್ತಾರೆ, ಮಗು ಉತ್ತರ ಕೊಡುತ್ತದೆ. ನಮ್ಮ ಪಾಲಿಗೆ ಅದು ಕನ್ನಡದ ತರಗತಿಯೇ ಸರಿ.

ನಿಮ್ಮ ಕಷ್ಟ ನಮಗೆ ತಿಳಿಯದ್ದಲ್ಲ. ಸೋಲಾಪುರದಲ್ಲಿ ಮಗ್ಗದ ಪಾಳಿ ಮುಗಿಸಿ ಬರುವ ತಂದೆ, ಬೀಡಿ ಕಟ್ಟಿ ದಿನದ ಲೆಕ್ಕ ಒಪ್ಪಿಸಬೇಕಾದ ತಾಯಿ, ಹೊಸೂರಿನ ಕಾರ್ಖಾನೆಗೆ ರಾತ್ರಿಪಾಳಿಗೆ ಹೋಗುವವರು, ನೀಲಗಿರಿಯ ತೋಟದಲ್ಲಿ ಚಹಾ ಎಲೆ ಕಿತ್ತು ಬೆನ್ನು ಬಾಗಿಸಿ ಬರುವವರು, ರಾಯದುರ್ಗದಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತವರು ಇವರಿಗೆಲ್ಲ ಒಲೆ ಹಚ್ಚುವ ಹೊತ್ತಿಗೆ ಮಗು ಸುಮ್ಮನೆ ಕುಳಿತರೆ ಸಾಕೆನಿಸುತ್ತದೆ. ಮೊಬೈಲು ಕೊಟ್ಟರೆ ಮಗು ಸುಮ್ಮನಾಗುತ್ತದೆ ಎಂಬುದು ನಿಜ. ಆದರೆ ಮಗು ಸುಮ್ಮನಾಗುವುದೇ ಇಲ್ಲಿಯ ರೋಗ. 2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ ಪಾಠವೆಲ್ಲ ಮೊಬೈಲು, ಟಿ.ವಿ.ಗಳ ಮೂಲಕವೇ ಬಂತು. ಬಡವರೂ ಸಾಲ ಮಾಡಿ ಮೊಬೈಲು ಕೊಂಡರು. ಅಂದು ಅದು ಅಗತ್ಯವಾಗಿತ್ತು. ಶಾಲೆ ತೆರೆದ ಮೇಲೆ ಪಾಠ ತರಗತಿಗೆ ಮರಳಿತು, ಮೊಬೈಲು ಮಾತ್ರ ಮಗುವಿನ ಕೈಯಲ್ಲೇ ಉಳಿಯಿತು.

ಓದಿಗಾಗಿಯೇ ಮೊಬೈಲು ಬೇಕು ಎಂಬ ಮಾತನ್ನೂ ಪರೀಕ್ಷಿಸೋಣ. ಗ್ರಾಮೀಣ ಭಾರತದ ಮಕ್ಕಳ ಕುರಿತು 'ಅಸರ್' 2024ರ ಸಮೀಕ್ಷೆ 14ರಿಂದ 16 ವಯಸ್ಸಿನವರನ್ನು ಕೇಳಿತ್ತು. ಅವರಲ್ಲಿ ನೂರಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಾಗೆ ಬಳಸಬಲ್ಲವರಲ್ಲಿ ಹಿಂದಿನ ಒಂದು ವಾರದಲ್ಲಿ ಓದಿಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದವರು ನೂರಕ್ಕೆ 57, ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು ನೂರಕ್ಕೆ 76. ಮೊಬೈಲಿನಲ್ಲಿ ಓದು ಇದೆ, ಆದರೆ ಓದಿಗಿಂತ ಮೊದಲು ಬೇರೆಯದು ಇದೆ ಎಂದು ಈ ಅಂಕಿಗಳೇ ಹೇಳುತ್ತವೆ.

ಇನ್ನು ಮಾಡಬೇಕಾದ್ದೇನು? ಒಂದೇ ದಿನದಲ್ಲಿ ಮೊಬೈಲು ಕಸಿದು ಬೀರುವಿನಲ್ಲಿ ಇಟ್ಟರೆ ಮನೆ ರಣರಂಗವಾಗುತ್ತದೆ, ಮೂರನೆಯ ದಿನ ಮೊಬೈಲು ಮತ್ತೆ ಮಗುವಿನ ಕೈಗೆ ಹೋಗುತ್ತದೆ. ಹಂತ ಹಂತವಾಗಿ ಮಾಡಿ.

ಮೊದಲು ಒಂದು ವಾರ ಲೆಕ್ಕ ಮಾತ್ರ ಇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿದಿನ ಮಗು ಎಷ್ಟು ಹೊತ್ತು ಟಿ.ವಿ. ನೋಡಿತು, ಎಷ್ಟು ಹೊತ್ತು ಮೊಬೈಲು ಹಿಡಿಯಿತು ಎಂದು ಬರೆಯಿರಿ. ಯಾವ ಭಾಷೆಯದು ಎಂಬುದನ್ನೂ ಒಂದು ಅಕ್ಷರದಲ್ಲಿ ಗುರುತಿಸಿ. ಈಗಿನ ಹೆಚ್ಚಿನ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ದಿನದ ಬಳಕೆಯ ಲೆಕ್ಕ ತಾನಾಗಿ ಸಿಗುತ್ತದೆ. ವಾರದ ಕೊನೆಗೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಟ್ಟು ಮಾಡಿಸಿ. ಬೈಯುವುದು ಬೇಡ. ಆ ಮೊತ್ತವೇ ಬಹಳಷ್ಟು ಹೇಳುತ್ತದೆ.

ಎರಡನೆಯದಾಗಿ, ಪರದೆ ಬಾರದ ಎರಡು ಜಾಗಗಳನ್ನು ಗೊತ್ತುಮಾಡಿ: ಉಣ್ಣುವ ಜಾಗ ಮತ್ತು ಮಲಗುವ ಜಾಗ. ಮೊಬೈಲು ತೋರಿಸಿ ತುತ್ತು ತಿನ್ನಿಸುವ ರೂಢಿ ಇದ್ದರೆ ಮೊದಲು ಅದನ್ನು ಬಿಡಿಸಿ. ಊಟದ ಹೊತ್ತು ಮನೆಯವರೆಲ್ಲ ಸೇರುವ ಹೊತ್ತು, ಮಾತಿನ ಹೊತ್ತು. ರಾತ್ರಿ ಎಲ್ಲರ ಮೊಬೈಲುಗಳೂ ನಡುಕೋಣೆಯ ಒಂದೇ ಕಡೆ ಚಾರ್ಜಿಗೆ ಇರಲಿ. ಮಲಗುವ ಒಂದು ಗಂಟೆ ಮೊದಲು ಪರದೆ ಆರಲಿ. ಮಗುವಿನ ನಿದ್ದೆಯ ದೃಷ್ಟಿಯಿಂದಲೂ ಇದು ಅಗತ್ಯ.

ಮೂರನೆಯದಾಗಿ, ಉಳಿದ ಹೊತ್ತನ್ನು ವಾರಕ್ಕೆ ಕಾಲು ಗಂಟೆಯಂತೆ ಇಳಿಸುತ್ತ ಬನ್ನಿ. ನಡುವೆ ಕಸಿಯಬೇಡಿ, ಇದು ಮುಗಿದ ಮೇಲೆ ಆರಿಸಬೇಕು ಎಂದು ಮೊದಲೇ ಹೇಳಿ, ಮುಗಿದ ಕೂಡಲೇ ಆರಿಸಿ. ಒಂದರ ಹಿಂದೆ ಒಂದು ವೀಡಿಯೋ ತಾನಾಗಿ ಬರುವ ವ್ಯವಸ್ಥೆಯನ್ನು ನಿಲ್ಲಿಸುವ ಗುಂಡಿ ಫೋನಿನಲ್ಲಿದೆ, ಅದನ್ನು ನಿಲ್ಲಿಸಿಡಿ. ಮೊಬೈಲನ್ನು ಬಹುಮಾನವಾಗಿ ಕೊಡಬೇಡಿ, ಶಿಕ್ಷೆಯಾಗಿ ಕಸಿಯಬೇಡಿ. ಹಾಗೆ ಮಾಡಿದರೆ ಅದರ ಬೆಲೆ ಮಗುವಿನ ಮನಸ್ಸಿನಲ್ಲಿ ಇನ್ನೂ ಏರುತ್ತದೆ. ನೋಡುವ ಅಷ್ಟು ಹೊತ್ತಾದರೂ ಕನ್ನಡದ್ದನ್ನೇ ಆರಿಸಿ, ಸಾಧ್ಯವಾದಾಗ ಪಕ್ಕದಲ್ಲಿ ಕುಳಿತು, "ಆಮೇಲೆ ಏನಾಯಿತು?" ಎಂದು ಕೇಳಿ.

ನಾಲ್ಕನೆಯದು ನಮಗೇ ಸಂಬಂಧಿಸಿದ್ದು. ಆಚಾರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ನಮ್ಮ ಮನೆಗೆ ಅನ್ವಯಿಸಬಾರದು. ಮಗುವಿಗೆ ಪುಸ್ತಕ ಹಿಡಿಸಿ ತಂದೆ ಮೊಬೈಲು ತಿಕ್ಕುತ್ತ ಕುಳಿತರೆ, ತಾಯಿ ಧಾರಾವಾಹಿ ನೋಡುತ್ತ ಕುಳಿತರೆ ಮಗು ಕಲಿಯುವುದು ಪುಸ್ತಕದ ಪಾಠವನ್ನಲ್ಲ. ಮಗುವಿಗೆ ಹಾಕಿದ ನಿಯಮ ಆ ಒಂದು ಗಂಟೆಯ ಮಟ್ಟಿಗೆ ಮನೆಯ ಎಲ್ಲರಿಗೂ ಇರಲಿ.

ಹೀಗೆ ಬಿಡುವಾದ ಹೊತ್ತನ್ನು ತುಂಬಿಸದಿದ್ದರೆ ಪರದೆ ಮತ್ತೆ ಬಂದು ಕೂರುತ್ತದೆ. ತುಂಬಿಸಲು ಹಣ ಬೇಕಿಲ್ಲ, ನಿಮ್ಮ ಬಾಯಿ ಸಾಕು. ಅಡಿಕೆ ಸುಲಿಯುವಾಗ, ಜೋಳ ಹಸನು ಮಾಡುವಾಗ, ರೊಟ್ಟಿ ಬಡಿಯುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೈ ಕೆಲಸ ಮಾಡಲಿ, ಬಾಯಿ ಕತೆ ಹೇಳಲಿ. ನೀವು ಚಿಕ್ಕವರಿದ್ದಾಗ ಊರು ಹೇಗಿತ್ತು, ಯಾರ ಹೊಲದಲ್ಲಿ ಬಾವಿ ತೋಡಿದರು, ಯಾವ ಮಳೆಗೆ ಹಳ್ಳ ಬಂದಿತ್ತು, ಮುತ್ತಜ್ಜ ಯಾವ ಊರಿನಿಂದ ಬಂದರು ಎಂಬುದೆಲ್ಲ ಕತೆಯೇ. ಒಗಟು ಹೇಳಿ ಉತ್ತರ ಕೇಳಿ. ಉತ್ತರ ಹೊಳೆಯದೆ ಮಗು ನಾಳೆಯವರೆಗೆ ಯೋಚಿಸಲಿ. ಮಳೆಗಾಲದ ಸಂಜೆಗೆ ಚೌಕಾಬಾರವಿದೆ, ಕರಾವಳಿಯಲ್ಲಿ ಚೆನ್ನೆಮಣೆಯೆಂದೂ ಒಳನಾಡಿನಲ್ಲಿ ಅಳಗುಳಿಮಣೆಯೆಂದೂ ಕರೆಯುವ ಮಣೆಯಾಟವಿದೆ. ಅಂಗಳದಲ್ಲಿ ಕುಂಟೆಬಿಲ್ಲೆ, ಲಗೋರಿ, ಚಿನ್ನಿದಾಂಡು ಇವೆ. ಹಗಲಿನ ಬೆಳಕಿನಲ್ಲಿ ಹೊರಗೆ ಆಡುವ ಮಕ್ಕಳಿಗೆ ಸಮೀಪದೃಷ್ಟಿಯ ದೋಷ ಬರುವ ಸಂಭವ ಕಡಿಮೆಯೆಂದು ಕಣ್ಣಿನ ವೈದ್ಯರೂ ಹೇಳುತ್ತಾರೆ.

ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದುವ ಅಭ್ಯಾಸವಿರಲಿ. ಅಕ್ಷರ ಬಲ್ಲ ಮಗು ಓದಲಿ, ಮನೆಯವರು ಕೇಳಲಿ. ನಿಮಗೆ ಕನ್ನಡ ಓದಲು ಬಾರದಿದ್ದರೆ ಇನ್ನೂ ಒಳ್ಳೆಯದು, ಮಗುವೇ ನಿಮ್ಮ ಮೇಷ್ಟರಾಗಲಿ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಮಕ್ಕಳಿಗಾಗಿ ಬರೆದದ್ದು ಇಂದಿಗೂ ಹಳತಾಗಿಲ್ಲ. ಶಿವರಾಮ ಕಾರಂತರು ಮಕ್ಕಳಿಗೆಂದು 'ಬಾಲಪ್ರಪಂಚ'ವನ್ನೇ ಕಟ್ಟಿಕೊಟ್ಟವರು. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್ ಪ್ರಕಟಿಸಿದ ಚಿತ್ರಪುಸ್ತಕಗಳು ಕನ್ನಡದಲ್ಲೂ ಕಡಿಮೆ ಬೆಲೆಗೆ ಇವೆ. ಪುಸ್ತಕವೇ ಸಿಗದ ಊರಿನಲ್ಲಿ ಲಗ್ನಪತ್ರಿಕೆ, ಪಂಚಾಂಗ, ಹಳೆಯ ವಾರಪತ್ರಿಕೆ, ದಿನಸಿ ಕಟ್ಟಿಕೊಟ್ಟ ಕನ್ನಡ ಪತ್ರಿಕೆಯ ಹಾಳೆಯೂ ಆದೀತು. ಕಾಸರಗೋಡಿನಲ್ಲಿ ಯಕ್ಷಗಾನದ ತರಗತಿ, ಅಕ್ಕಲಕೋಟೆ ಜತ್ತಗಳ ಕಡೆ ಭಜನೆ ಮತ್ತು ವಚನಗಾಯನ ನಡೆಯುವಲ್ಲಿಗೆ ಮಕ್ಕಳನ್ನು ಕಳುಹಿಸಿ. ತಾಳಮದ್ದಳೆಯ ಅರ್ಥಗಾರಿಕೆ ಕೇಳಿ ಬೆಳೆದ ಮಗುವಿಗೆ ಕನ್ನಡದಲ್ಲಿ ವಾದಿಸುವುದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ.

ದಿನಕ್ಕೆ ಅರ್ಧ ಗಂಟೆ ಇಂಥ ಮಾತಿಗೆ ಸಿಕ್ಕಿದರೂ ವರ್ಷಕ್ಕೆ 180 ಗಂಟೆ ದಾಟುತ್ತದೆ. ಯಾವ ಸರಕಾರದ ಅಪ್ಪಣೆಯೂ ಇಲ್ಲದೆ, ಯಾವ ಹುದ್ದೆಯ ಮಂಜೂರಾತಿಯೂ ಇಲ್ಲದೆ ಕನ್ನಡಕ್ಕೆ ಸಿಗುವ ಗಂಟೆಗಳಿವು.

ಹೈಸ್ಕೂಲಿನ ಮಕ್ಕಳ ವಿಷಯ ಬೇರೆ. ಹದಿಮೂರು ದಾಟಿದವರಿಗೆ ಆಜ್ಞೆ ನಡೆಯುವುದಿಲ್ಲ, ಒಪ್ಪಂದ ನಡೆಯುತ್ತದೆ. ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ, ಯಾವುದಕ್ಕೆ ಎಂದು ಅವರನ್ನೇ ಕೇಳಿ ಬರೆಸಿ. ಅವರು ಜಾಲತಾಣದಲ್ಲಿ ಬರೆಯುವುದಾದರೆ ಕನ್ನಡ ಲಿಪಿಯಲ್ಲೇ ಬರೆಯಲಿ. ಮನೆಯ ತಮ್ಮ ತಂಗಿಯರಿಗೆ ದಿನಕ್ಕೊಂದು ಪುಟ ಓದಿ ಹೇಳುವ ಹೊಣೆಯನ್ನು ಅವರಿಗೆ ಕೊಡಿ. ಹೊಣೆ ಕೊಟ್ಟರೆ ದೊಡ್ಡ ಮಕ್ಕಳು ಹಟ ಬಿಡುತ್ತಾರೆ.

ಒಂದೇ ಮನೆಯವರು ಹೋರಾಡಿದರೆ ಪಕ್ಕದ ಮನೆಯ ಟಿ.ವಿ. ಕರೆಯುತ್ತದೆ. ಆದ್ದರಿಂದ ಇದು ಊರಿನ ಕೆಲಸವಾಗಬೇಕು. ಇದಕ್ಕೊಂದು ಮೇಲ್ಪಂಕ್ತಿ ನಮ್ಮ ಜತ್ತ ತಾಲೂಕು ಇರುವ ಸಾಂಗ್ಲಿ ಜಿಲ್ಲೆಯಲ್ಲೇ ಇದೆ. ಅಲ್ಲಿಯ ಕಡೇಗಾಂವ ತಾಲೂಕಿನ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯವರು 2022ರಲ್ಲಿ ಗ್ರಾಮಸಭೆಯಲ್ಲಿ ಒಂದು ತೀರ್ಮಾನ ಮಾಡಿದರು. ಸಂಜೆ 7ಕ್ಕೆ ಊರ ದೇವಸ್ಥಾನದಿಂದ ಸೈರನ್ ಮೊಳಗುತ್ತದೆ. ಮನೆ ಮನೆಗಳಲ್ಲಿ ಟಿ.ವಿ., ಮೊಬೈಲುಗಳು ಆರುತ್ತವೆ. ಎಂಟೂವರೆಗೆ ಮತ್ತೆ ಸೈರನ್ ಆಗುವವರೆಗೆ ಮಕ್ಕಳ ಓದು, ಹಿರಿಯರ ಮಾತುಕತೆ. ಕೊರೋನಾ ಕಾಲದ ನಂತರ ಮಕ್ಕಳು ಪರದೆಗೆ ಅಂಟಿಕೊಂಡದ್ದನ್ನು ಕಂಡು ಹೊಳೆದ ಉಪಾಯ ಅದು. ದಂಡವಿಲ್ಲ, ಪೊಲೀಸರಿಲ್ಲ, ಊರಿನವರ ಒಪ್ಪಿಗೆಯೊಂದೇ ಅದರ ಬಲ. ಮರಾಠಿ ಹಳ್ಳಿಯೊಂದು ತನ್ನ ಮಕ್ಕಳಿಗಾಗಿ ಇಷ್ಟು ಮಾಡಬಹುದಾದರೆ, ಅದಕ್ಕಿಂತ ಹೆಚ್ಚಿನದನ್ನು ಕಳೆದುಕೊಳ್ಳುವ ಭಯವಿರುವ ನಾವು ಮಾಡಬಾರದೇ?

ಮುಂದಿನ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಈ ವಿಷಯವನ್ನು ಎತ್ತಿ. ಸೈರನ್ ಬೇಕಾಗಿಲ್ಲ, ಮಸೀದಿಯ ಬಾಂಗು, ಗುಡಿಯ ಗಂಟೆ, ಇಗರ್ಜಿಯ ಗಂಟೆ ಯಾವುದಾದರೂ ಆದೀತು. ಸಂಜೆಯ ಒಂದು ಗಂಟೆ ಶಾಲೆಯ ಎಲ್ಲ ಮಕ್ಕಳ ಮನೆಗಳಲ್ಲಿ ಪರದೆ ಆರಿರಲಿ ಎಂದು ನಿರ್ಣಯಿಸಿ. ಶಿಕ್ಷಕರಲ್ಲಿಯೂ ಒಂದು ವಿನಂತಿಯಿಡಿ: ಮನೆಗೆಲಸವನ್ನು ವಾಟ್ಸಾಪಿನಲ್ಲಿ ಕಳುಹಿಸುವ ಬದಲು ತರಗತಿಯಲ್ಲೇ ಹಲಗೆಯ ಮೇಲೆ ಬರೆದು ಮಕ್ಕಳ ಪುಸ್ತಕಕ್ಕೆ ಇಳಿಸಿಸಲಿ. ಮನೆಗೆಲಸ ನೋಡಲೆಂದು ತೆರೆದ ಮೊಬೈಲು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ನಿಮಗೆಲ್ಲ ತಿಳಿದದ್ದೇ. ಶಾಲೆಯ ಗ್ರಂಥಾಲಯದ ಬೀರುವಿನ ಬೀಗ ವಾರಕ್ಕೊಮ್ಮೆ ತೆರೆದು ಪ್ರತಿ ಮಗುವಿನ ಕೈಗೆ ಒಂದು ಪುಸ್ತಕ ಬರಲಿ ಎಂದೂ ಕೇಳಿ.

ಪಾಲಕ ಬಂಧುಗಳೇ, ಕನ್ನಡ ಶಾಲೆ ಬೇಕೆಂದು ನಾವು ತಿರುವನಂತಪುರಕ್ಕೆ ಬರೆಯುತ್ತೇವೆ, ಚೆನ್ನೈಗೆ ಬರೆಯುತ್ತೇವೆ, ಮುಂಬಯಿಗೆ, ಅಮರಾವತಿಗೆ, ಹೈದರಾಬಾದಿಗೆ, ಪಣಜಿಗೆ ಬರೆಯುತ್ತೇವೆ. ಉತ್ತರ ಬರುವುದು ತಡವಾಗುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಆ ಬರವಣಿಗೆಯನ್ನು ನಿಲ್ಲಿಸಬೇಕಾಗಿಲ್ಲ. ಆದರೆ ಆ ಅರ್ಜಿಗೆ ಬಲ ಬರುವುದು, ಅದರ ಹಿಂದೆ ಕನ್ನಡದಲ್ಲಿ ಕೇಳುವ, ಕನ್ನಡದಲ್ಲಿ ಜಗಳವಾಡುವ, ಕನ್ನಡದಲ್ಲಿ ಕನಸು ಹೇಳುವ ಮಕ್ಕಳು ಇದ್ದಾಗ. ಅಂಥ ಮಕ್ಕಳನ್ನು ಬೆಳೆಸಲು ಯಾರ ಉತ್ತರಕ್ಕೂ ಕಾಯಬೇಕಾಗಿಲ್ಲ. ಈ ಸಂಜೆಯೇ ಒಂದು ಗಂಟೆ ಪರದೆಯನ್ನು ಆರಿಸಿ, ಮಗುವನ್ನು ಹತ್ತಿರ ಕರೆದು, "ಇವತ್ತು ಶಾಲೆಯಲ್ಲಿ ಏನೇನಾಯಿತು, ಹೇಳು ನೋಡೋಣ" ಎಂದು ಕೇಳಿ.